ಅಪಾರ ಬಂಧುಬಳಗವನ್ನು ಅಗಲಿದವರು

ಪತ್ರಿಕೆಗಳ ನಿಧನ ವಾರ್ತೆಯಲ್ಲಿ ಗಂಡಸರಿಗೆ ಒಂದು ಗುರುತು ಇದ್ದೇ ಇರುತ್ತದೆ: ನಿವೃತ್ತ ಮುಖ್ಯೋಪಾಧ್ಯಾಯರು, ಪ್ರಗತಿಪರ ಕೃಷಿಕರು, ಏನೂ ಇಲ್ಲದಿದ್ದರೆ ಹಾಲಿನ ಸೊಸೈಟಿಯ ಮಾಜಿ ನಿರ್ದೇಶಕರು. ಪಕ್ಕದಲ್ಲೇ ಎಂಬತ್ತು ದಾಟಿದ ಹೆಂಗಸಿನ ಫೋಟೊ ಇದ್ದರೆ ಅದರ ಕೆಳಗಿರುವುದು ಇಂಥವರ ಪತ್ನಿ, ಇಂಥವರ ತಾಯಿ. ಮೃತರಿಗೆ ಇಬ್ಬರು ಪುತ್ರರು, ಮೂವರು ಪುತ್ರಿಯರು, ಮೊಮ್ಮಕ್ಕಳು ಹಾಗೂ ಅಪಾರ ಬಂಧುಬಳಗ. ವೈಕುಂಠ ಸಮಾರಾಧನೆಯ ಕಾರ್ಡಾಗಲಿ ಶಿವಗಣಾರಾಧನೆಯ ಕಾರ್ಡಾಗಲಿ ಇದಕ್ಕಿಂತ ಹೆಚ್ಚೇನೂ ಹೇಳುವುದಿಲ್ಲ, ಮಮತಾಮಯಿ, ತ್ಯಾಗಮಯಿ ಎಂದು ಸೇರಿಸುತ್ತದೆ ಅಷ್ಟೆ. ಅವು ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಹೆಸರು ಬದಲಿಸಿದರೆ ಪಕ್ಕದ ಮನೆಯ ಅಜ್ಜಿಗೂ ಸಲ್ಲುವ ಮಾತನ್ನು ಈ ಅಜ್ಜಿಯ ನೆನಪು ಎನ್ನುವುದು ಹೇಗೆ? ತಾಯಿಯನ್ನೋ ಅಜ್ಜಿಯನ್ನೋ ನೆನೆಯುವವರು ಆಕೆ ನಮ್ಮನ್ನೆಷ್ಟು ಪ್ರೀತಿಸಿದಳು ಎಂಬುದಕ್ಕೆ ಮೊದಲು ಆಕೆಗೆ ಏನೇನು ಗೊತ್ತಿತ್ತು, ಆಕೆ ಏನೇನು ಮಾಡಿದಳು ಎಂಬುದನ್ನು ಹೇಳಬೇಕು ಎಂಬುದು ನನ್ನ ವಾದ.

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ನರಸಮ್ಮನವರನ್ನೇ ನೋಡಿ. ಹನ್ನೆರಡನೇ ವಯಸ್ಸಿಗೆ ಮದುವೆ, ಹನ್ನೆರಡು ಮಕ್ಕಳು, ಅವರಲ್ಲಿ ನಾಲ್ವರು ಎಳವೆಯಲ್ಲೇ ತೀರಿಕೊಂಡರು. ದೊಡ್ಡ ಸಂಸಾರ, ಮನೆ ತುಂಬ ಮೊಮ್ಮಕ್ಕಳು. ನಮ್ಮ ಕಾರ್ಡಿನ ಭಾಷೆಗೆ ಇಷ್ಟೇ ಸಾಕಾಗಿತ್ತು. ಆದರೆ 2018ರ ಡಿಸೆಂಬರ್ 25ರಂದು ಅವರು ತೀರಿಕೊಂಡಾಗ ನಾಡು ನೆನೆದದ್ದು ಸೂಲಗಿತ್ತಿ ನರಸಮ್ಮನವರನ್ನು. ಒಂದು ಪೈಸೆ ಪಡೆಯದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು ಎಂಬ ಹೆಸರು ಅವರದು. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್, 2018ರಲ್ಲಿ ಪದ್ಮಶ್ರೀ ಬಂತು. ಶಾಲೆ ಕಾಣದ ಈ ಹೆಣ್ಣಿಗೆ ವಿದ್ಯೆ ಕಲಿಸಿದ್ದು ಅಜ್ಜಿ ಮರಿಗೆಮ್ಮ. ಊರಿಗೆ ಬಂದು ಹೋಗುತ್ತಿದ್ದ ಅಲೆಮಾರಿಗಳಿಂದ ಗಿಡಮೂಲಿಕೆಯ ತಿಳಿವಳಿಕೆಯೂ ಸೇರಿಕೊಂಡಿತು. ನರಸಮ್ಮನವರ ಪ್ರೀತಿ ಅವರ ಮನೆಯವರ ಪಾಲಿನದು, ಅದನ್ನು ಹೊರಗಿನವರು ಅಳೆಯಲಾರರು. ಅವರ ಕೈಗುಣವನ್ನು ಮಾತ್ರ ಇಡೀ ಸೀಮೆ ಬಲ್ಲದು.

ಅವರು ಅಪರೂಪದವರು, ಎಲ್ಲ ಅಜ್ಜಿಯರೂ ನರಸಮ್ಮ ಆಗುತ್ತಾರೆಯೇ ಎಂದು ಕೇಳಬಹುದು. ಆಗುವುದಿಲ್ಲ, ನಿಜ. ಆದರೆ ಮರಿಗೆಮ್ಮನವರನ್ನು ಯೋಚಿಸಿ. ಅದೇ ವಿದ್ಯೆ ಅವರಲ್ಲೂ ಇತ್ತು, ಮೊಮ್ಮಗಳಿಗೆ ಕೊಟ್ಟವರೇ ಅವರು. ಮೊಮ್ಮಗಳ ಹೆಸರಿನ ನೆರಳಿನಲ್ಲಲ್ಲದೆ ಬೇರೆಲ್ಲೂ ಅವರ ಸುದ್ದಿ ಇಲ್ಲ. ಅಂದರೆ ವ್ಯತ್ಯಾಸ ವಿದ್ಯೆಯದಲ್ಲ, ವಿಚಾರಿಸಿಕೊಂಡವರಿದ್ದರೋ ಇಲ್ಲವೋ ಎಂಬುದರದು. ಚಳ್ಳಕೆರೆ ಸೀಮೆಯ ಜನಪದ ಹಾಡುಗಾರ್ತಿ ಸಿರಿಯಜ್ಜಿಯ ಹಾಡುಗಳು ಉಳಿದದ್ದು ಕೃಷ್ಣಮೂರ್ತಿ ಹನೂರರಂಥವರು ಕೂತು ಕೇಳಿ ಬರೆದುಕೊಂಡದ್ದರಿಂದ. ಇನ್ನು ತೀರಾ ಸಾಮಾನ್ಯವೆನಿಸುವ ಕೆಲಸ, ಬಾಣಂತನವನ್ನು ತೆಗೆದುಕೊಳ್ಳಿ. ನೀಡಿದ ಕಾಲುಗಳ ಮೇಲೆ ಕೂಸನ್ನು ಮಲಗಿಸಿಕೊಂಡ ಅಜ್ಜಿ ಚೆಂಬಿನ ನೀರನ್ನು ಮೊದಲು ತನ್ನ ಮೊಣಕಾಲಿಗೆ ಸುರಿದುಕೊಂಡು ಬಿಸಿ ನೋಡುತ್ತಾಳೆ. ಆಮೇಲೆ ಕೂಸಿನ ಹಣೆಗೆ ಎಡಗೈ ಅಡ್ಡ ಹಿಡಿದು, ಕಣ್ಣಿಗೆ ಮೂಗಿಗೆ ಇಳಿಯದಂತೆ ನೆತ್ತಿಗೆ ಹೊಯ್ಯುತ್ತಾಳೆ. ಜಾರುವ ಎಣ್ಣೆಮೈಯನ್ನು ಕೈ ತಪ್ಪದಂತೆ ಮಗುಚಿ ಬೆನ್ನು ತಿಕ್ಕುತ್ತಾಳೆ. ಮೊದಲ ಕೂಸು ಹೆತ್ತ ಮಗಳು ತಿಂಗಳಾದರೂ ಈ ಧೈರ್ಯ ಮಾಡುವುದಿಲ್ಲ. ಇದನ್ನು ವಾತ್ಸಲ್ಯ ಎಂದು ಕರೆದು ಮುಗಿಸಿದರೆ ಕೈಗೆ ಬಂದ ವಿದ್ಯೆಗೆ ಅನ್ಯಾಯವಾಗುತ್ತದೆ.

ಅಜ್ಜಿಯರ ಮದ್ದೆಲ್ಲ ಒಳ್ಳೆಯದಲ್ಲ ಎಂಬ ಆಕ್ಷೇಪವೂ ಉಂಟು. ಅದಕ್ಕೆ ನನ್ನ ತಕರಾರಿಲ್ಲ. ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು, ಆದದ್ದರಿಂದಲೇ ಎಷ್ಟೋ ಬಾಣಂತಿಯರ ಜೀವ ಉಳಿದಿದೆ. ಆಕೆಗೆ ತಿಳಿದಿದ್ದನ್ನು ನೆನೆಯಬೇಕು ಎಂದರೆ ಹೇಳಿದ್ದನ್ನೆಲ್ಲ ಪಾಲಿಸಬೇಕು ಎಂದೇನೂ ಅಲ್ಲ.

ಗಟ್ಟಿಯಾದ ಆಕ್ಷೇಪ ಬೇರೆ ಇದೆ. ತಾಯಿಯ ಕೆಲಸವನ್ನು ಲೆಕ್ಕಕ್ಕೆ ತಂದರೆ ಅದು ಪ್ರೀತಿಯನ್ನು ಕೂಲಿಯ ಮಟ್ಟಕ್ಕೆ ಇಳಿಸಿದಂತೆ ಎನ್ನುವವರಿದ್ದಾರೆ. ಈ ಮುಜುಗರ ನನಗೆ ಅರ್ಥವಾಗುತ್ತದೆ. ಆದರೂ ಲೆಕ್ಕ ಇಡದಿದ್ದಾಗ ಗೌರವ ಹೆಚ್ಚಿತೇ? 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಂತೆ ಸಂಬಳವಿಲ್ಲದ ಮನೆಗೆಲಸಕ್ಕೆ ಅದರಲ್ಲಿ ತೊಡಗಿದ ಹೆಂಗಸರು ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಗಂಡಸರು 97. ಇಷ್ಟು ದುಡಿದವರನ್ನು ಜನಗಣತಿ ಬಹುಕಾಲ ಕೆಲಸವಿಲ್ಲದವರ ಸಾಲಿಗೆ ಸೇರಿಸಿತು. ಭಿಕ್ಷುಕರು, ಕೈದಿಗಳ ಜೊತೆಗೆ ಸೇರಿಸಿದ್ದನ್ನು 2010ರಲ್ಲಿ ಸುಪ್ರೀಂ ಕೋರ್ಟೇ ಕಟುವಾಗಿ ಟೀಕಿಸಿತು. ಅದಕ್ಕೂ ಮೊದಲು, 1989ರ ಜಮ್ಷೆಡ್‌ಪುರದ ಬೆಂಕಿ ಅನಾಹುತದಲ್ಲಿ ಸತ್ತವರ ಪರಿಹಾರ ನಿಗದಿ ಮಾಡುವಾಗ ಅದೇ ನ್ಯಾಯಾಲಯ 2001ರಲ್ಲಿ ಗೃಹಿಣಿಯ ಸೇವೆಗೆ ವರ್ಷಕ್ಕೆ 36,000 ರೂಪಾಯಿ, ಅರವತ್ತು ದಾಟಿದ ಹೆಂಗಸರ ಸೇವೆಗೆ 20,000 ರೂಪಾಯಿ ಎಂದು ಎಣಿಸಿತ್ತು. ಮೊತ್ತ ಚಿಕ್ಕದು, ಆ ಕಾಲಕ್ಕೂ ಚಿಕ್ಕದೇ. ಆದರೂ ಮುದುಕಿಯೊಬ್ಬಳು ಸತ್ತರೆ ಮನೆಗೆ ದುಃಖ ಮಾತ್ರವಲ್ಲ, ನಷ್ಟವೂ ಆಗುತ್ತದೆ ಎಂದು ಅದು ಒಪ್ಪಿತು. ನಮ್ಮ ಶ್ರದ್ಧಾಂಜಲಿಗಳು ಅಷ್ಟನ್ನೂ ಒಪ್ಪಿಲ್ಲ. ತ್ಯಾಗಮಯಿ ಎಂದು ಹೊಗಳುವುದರಲ್ಲಿ ನಮಗೊಂದು ಅನುಕೂಲವೂ ಇದೆಯೆಂಬ ಗುಮಾನಿ ನನ್ನದು: ಆಕೆ ತಾನಾಗಿ ಬಿಟ್ಟುಕೊಟ್ಟಳು ಎಂದಾಗ, ನಾವು ಕಿತ್ತುಕೊಂಡದ್ದೆಷ್ಟು ಎಂದು ಯಾರೂ ಕೇಳುವುದಿಲ್ಲ.

ಸಾವಿನ ಮನೆಯಲ್ಲಿ ಇಷ್ಟೆಲ್ಲ ಬರೆಯುವ ವ್ಯವಧಾನ ಯಾರಿಗಿರುತ್ತದೆ ಎಂದರೆ, ಯಾರಿಗೂ ಇರುವುದಿಲ್ಲ. ಮೂರನೇ ದಿನ ಪ್ರೆಸ್ಸಿನವನು ತೋರಿಸಿದ ಮಾದರಿಗೆ ಹೆಸರು ತುಂಬಿ ಕಳಿಸುತ್ತೇವೆ. ಆದ್ದರಿಂದ ಮನೆಯಲ್ಲಿ ಅಜ್ಜಿ ಇದ್ದವರು ಈ ವಾರವೇ ಒಂದು ನೋಟ್‌ಬುಕ್ ಹಿಡಿದು ಪಕ್ಕದಲ್ಲಿ ಕೂತುಕೊಳ್ಳಿ. ಬಿತ್ತನೆ ಬೀಜ ಹೇಗೆ ಕಾಯುತ್ತಿದ್ದರು, ಯಾವ ಹಾಡು ಪೂರ್ತಿ ಬರುತ್ತದೆ, ಯಾರ ಯಾರ ಬಾಣಂತನ ಮಾಡಿದರು, ಯಾವ ಮಾತಿಗೆ ಮನೆಯವರನ್ನು ಎದುರು ಹಾಕಿಕೊಂಡರು, ಕೇಳಿ ಬರೆದುಕೊಳ್ಳಿ.