ಪಡುಗಾಳಿ ತಡವಾದ ದಿನ

ಭಾಂಡುಪ್‌ನಲ್ಲಿ ನನ್ನನ್ನು ಕಂಡವರೆಲ್ಲ ಒಂದು ಪ್ರಶ್ನೆ ಕೇಳುತ್ತಾರೆ: ಮನೆಯ ಹಿಂದೆಯೇ ಬೆಟ್ಟವಿದೆಯಲ್ಲ, ಹಾರುವುದಕ್ಕೆ ಅಷ್ಟು ದೂರ ಯಾಕೆ ಹೋಗಬೇಕಿತ್ತು? ಬೆಟ್ಟವೇನೋ ಇದೆ. ಎಲ್‌ಬಿಎಸ್ ಮಾರ್ಗ ದಾಟಿ ಖಿಂಡಿಪಾಡಾದ ಕಡೆ ಏರುತ್ತ ಹೋದರೆ ಚಾಳುಗಳು ಮುಗಿಯುವಲ್ಲಿ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡು ಶುರುವಾಗುತ್ತದೆ. ಆಚೆಗೆ ವಿಹಾರ್, ತುಳಸಿ ಕೆರೆಗಳು. ಆದರೆ ಮುಂಬಯಿ ಪೊಲೀಸರು ಡ್ರೋನು, ಪ್ಯಾರಾಗ್ಲೈಡರುಗಳನ್ನು ನಗರದ ಮೇಲೆ ಹಾರಿಸಬಾರದೆಂದು ಆಗಾಗ ಆದೇಶ ಹೊರಡಿಸುತ್ತಲೇ ಇರುತ್ತಾರೆ; ವಿಮಾನ ನಿಲ್ದಾಣ ಬೇರೆ ಹತ್ತಿರ. ಅದೆಲ್ಲ ಇಲ್ಲದಿದ್ದರೂ ನಾನು ಅಲ್ಲಿಂದ ಹಾರುತ್ತಿರಲಿಲ್ಲ. ಬೆಟ್ಟದ ನಮ್ಮ ಮಗ್ಗುಲು ಮೂಡಣಕ್ಕಿದೆ, ಉಪ್ಪಿನ ಗದ್ದೆ ಮತ್ತು ಥಾಣೆ ಖಾರಿಯ ಕಡೆಗೆ. ಕಡಲ ಗಾಳಿ ಬರುವುದು ಪಡುವಣದಿಂದ. ಅದು ಬೊರಿವಲಿಯ ಕಡೆಯಿಂದ ಬೆಟ್ಟ ಹತ್ತಿ ನಮ್ಮ ತಲೆಯ ಮೇಲೆ ಉರುಳುತ್ತದೆ.

ಹೊಳೆಯ ನಡುವಿನ ಬಂಡೆಯನ್ನು ನೋಡಿ. ನೀರು ಬಂದು ತಾಗುವ ಮಗ್ಗುಲಲ್ಲಿ ನುಣ್ಣಗೆ ಏರಿ ದಾಟುತ್ತದೆ, ಹಿಂದಿನ ಮಗ್ಗುಲಲ್ಲಿ ಸುಳಿಸುಳಿಯಾಗಿ ಒಳಕ್ಕೆ ಎಳೆಯುತ್ತದೆ. ಗಾಳಿಯೂ ಬೆಟ್ಟಕ್ಕೆ ಮಾಡುವುದು ಅದನ್ನೇ. ಹಿಂದಿನ ಮಗ್ಗುಲನ್ನು ಹಾರುವವರು ಲೀ ಸೈಡ್ ಅನ್ನುತ್ತಾರೆ, ಅಲ್ಲಿನ ಸುಳಿಗೆ ರೋಟರ್ ಅನ್ನುತ್ತಾರೆ. ನೀರಿನ ಸುಳಿ ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ. ಕಡಲ ಹತ್ತಿರದ ಬೆಟ್ಟದಲ್ಲಿ ಇನ್ನೊಂದು ತೊಡಕಿದೆ: ಯಾವುದು ಮುಂದಿನ ಮಗ್ಗುಲು, ಯಾವುದು ಹಿಂದಿನದು ಎಂಬುದು ದಿನದಲ್ಲಿ ಒಮ್ಮೆ ಅದಲುಬದಲಾಗುತ್ತದೆ. ಬೆಳಿಗ್ಗೆ ಗಾಳಿ ನೆಲದಿಂದ ಕಡಲಿಗೆ, ಬಿಸಿಲೇರಿದ ಮೇಲೆ ಕಡಲಿನಿಂದ ನೆಲಕ್ಕೆ. ಎಷ್ಟು ಗಂಟೆಗೆ ಬದಲು ಎಂಬುದು ಮಾತ್ರ ಯಾವ ನಕ್ಷೆಯಲ್ಲೂ ಇರುವುದಿಲ್ಲ.

ನಾನು ಕಲಿತದ್ದು ಕಾಮ್‌ಶೇತ್‌ನಲ್ಲಿ. ಮುಂಬಯಿ, ಪುಣೆಯವರಲ್ಲಿ ಬಹಳ ಮಂದಿ ಕಲಿಯುವುದು ಅಲ್ಲಿಯೇ. ಅಲ್ಲಿನ ಗುಡ್ಡಗಳು ದೊಡ್ಡವಲ್ಲ. ಒಂದೊಂದರ ಮುಖ ಒಂದೊಂದು ದಿಕ್ಕಿಗೆ, ಕೆಳಗೆ ಬಯಲು, ಪಕ್ಕದಲ್ಲಿ ಪವನಾ ಕೆರೆ. ಇವತ್ತು ಗಾಳಿ ಯಾವ ಕಡೆಯದೋ ಆ ಕಡೆ ಮುಖ ಮಾಡಿದ ಗುಡ್ಡಕ್ಕೆ ಹೋದರಾಯಿತು. ಅಕ್ಟೋಬರಿನಿಂದ ಮೇ ತನಕ ಹಾರಾಟ, ಮಳೆ ಹಿಡಿದರೆ ಬೀಗ. ಕೆಲವು ವರ್ಷ ಅಲ್ಲಿ ಹಾರಿದ ಮೇಲೆ ನಮ್ಮ ತಂಡದಲ್ಲಿ ಕೆಲವರಿಗೆ ಘಾಟಿನ ಅಂಚಿನಿಂದಲೇ ಕೊಂಕಣದ ಕಡೆಗೆ ಹಾರುವ ಜಾಗ ಹುಡುಕುವ ಹುಚ್ಚು ಹತ್ತಿತು. ನನಗೂ ಹತ್ತಿತು. ಹಿಮಾಚಲದ ಬಿಲ್ಲಿಂಗ್‌ನಲ್ಲಿ 2015ರಲ್ಲಿ ಪ್ಯಾರಾಗ್ಲೈಡಿಂಗ್ ವಿಶ್ವಕಪ್ ನಡೆದಾಗಿನಿಂದ, ಸಹ್ಯಾದ್ರಿಗೇನು ಕಡಿಮೆ ಎಂಬ ಮಾತು ಹಾರುವವರ ಜಗಲಿಯಲ್ಲಿ ಇದ್ದದ್ದೇ.

ಜಾಗ ಆರಿಸುವುದೆಂದರೆ ಮೇಲೆ ನಿಂತು ನೋಟ ಸವಿಯುವ ಕೆಲಸವಲ್ಲ. ಮೊದಲು ಇಳಿಯುವ ನೆಲ ನೋಡಬೇಕು. ನಮ್ಮಂಥವರ ವಿಂಗು, ಅಂದರೆ ಪ್ಯಾರಾಗ್ಲೈಡರಿನ ಬಟ್ಟೆಯ ರೆಕ್ಕೆ, ಒಂದು ಮೀಟರ್ ಇಳಿಯುವಷ್ಟರಲ್ಲಿ ಏಳೆಂಟು ಮೀಟರ್ ಮುಂದೆ ಸಾಗುತ್ತದೆ. ಎದುರುಗಾಳಿ ಇದ್ದರೆ ಅದೂ ಇಲ್ಲ. ಆ ಲೆಕ್ಕದೊಳಗೆ ಬಯಲು ಸಿಗಬೇಕು. ಕರ್ಜತ್‌ನ ಮೂಡಣಕ್ಕೆ ಘಾಟಿನ ಬುಡದಲ್ಲಿ ಭತ್ತ ಕೊಯ್ದ ಗದ್ದೆಗಳು ಫೆಬ್ರುವರಿಯಲ್ಲಿ ಒಣಗಿ ಬಿದ್ದಿರುತ್ತವೆ, ಇಳಿಯಲು ಒಳ್ಳೆಯದೇ. ಆದರೆ ಆ ಭಾಗದಲ್ಲಿ ಹೈಟೆನ್ಷನ್ ತಂತಿಗಳು. ಖೋಪೋಲಿಯಲ್ಲಿ 1915ರಿಂದ, ಭಿವ್‌ಪುರಿಯಲ್ಲಿ 1922ರಿಂದ ಟಾಟಾದವರು ಘಾಟಿನ ನೀರನ್ನು ಇಳಿಸಿ ವಿದ್ಯುತ್ ಮಾಡುತ್ತಿದ್ದಾರೆ. ಮುಂಬಯಿಯ ದೀಪ ಉರಿಯಬೇಕಾದರೆ ತಂತಿ ಎಲ್ಲಿಂದಲಾದರೂ ಹಾಯಲೇಬೇಕಲ್ಲ. ಮೇಲಿನಿಂದ ಕಂಬ ಕಾಣುತ್ತದೆ, ತಂತಿ ಕಾಣುವುದಿಲ್ಲ. ಹಾಗಾಗಿ ಚಳಿಗಾಲವಿಡೀ ಕೆಳಗೆ ನಡೆದೇ ಗದ್ದೆಗಳನ್ನು ನೋಡಿದ್ದೆವು. ಮೇಲೆ ಬೇಕಾದದ್ದು ಸಾಧಾರಣ ಇಳಿಜಾರು, ವಿಂಗು ಹಾಸಲು ಮುಳ್ಳಿಲ್ಲದ ಹುಲ್ಲು, ಓಡಲು ನಾಲ್ಕು ಹೆಜ್ಜೆ ಜಾಗ. ಅದೂ ಸಿಕ್ಕಿತು. ಮುಖ ನೆಟ್ಟಗೆ ಪಡುವಣಕ್ಕೆ.

ಆ ಭಾನುವಾರ ಫೆಬ್ರುವರಿಯ ಕೊನೆಯದು. ಘಾಟಿನ ಮೇಲಿನ ವಾಡಿಯಲ್ಲಿ, ಅಂದರೆ ಸಣ್ಣ ಹಳ್ಳಿಯಲ್ಲಿ, ಜೀಪು ನಿಲ್ಲಿಸಿದಾಗ ಒಂದು ಮನೆಯ ಒಲೆಯ ಹೊಗೆ ಪಡುವಣಕ್ಕೆ ವಾಲುತ್ತಿತ್ತು. ಗಾಳಿ ಮೂಡಣದ್ದು. ನಮ್ಮಲ್ಲೊಬ್ಬರು ಕೈ ಮಾಡಿ ತೋರಿಸಿದರು. ತಂಡದ ಹಿರಿಯರು, “ಅದು ಬೆಳಗಿನ ಗಾಳಿ. ಅಂಚಿಗೆ ಹೋಗಿ ನೋಡೋಣ” ಅಂದರು. ಅಂಚಿಗೆ ಹೋದರೆ ನಿಜಕ್ಕೂ ಗಾಳಿ ಎದುರಿಗೇ ಬರುತ್ತಿತ್ತು. ಕೋಲಿಗೆ ಕಟ್ಟಿದ ರಿಬ್ಬನ್ ನಮ್ಮ ಕಡೆಗೆ ಹಾರುತ್ತಿತ್ತು, ಮೀಟರಿನಲ್ಲಿ ಗಂಟೆಗೆ 12, 14 ಕಿಲೋಮೀಟರ್. ಪಡುಗಾಳಿ ಬಂತು ಎಂದು ಹಿರಿಯರು ತೀರ್ಪು ಕೊಟ್ಟರು. ಮೊದಲು ಹಾರಿದವನು ಸೀದಾ ಹೊರಗೆ ಹೋಗಿ, ಮೇಲೇಳುವ ಬಿಸಿಗಾಳಿಯ ಯಾವ ಥರ್ಮಲ್‌ಗೂ ಸಿಗದೆ, ಗದ್ದೆಯಲ್ಲಿ ಇಳಿದು ರೇಡಿಯೊದಲ್ಲಿ “ಬೆಣ್ಣೆ, ಬೆಣ್ಣೆ” ಎಂದ. ಎರಡನೆಯವನು ನಾನು.

ರಿಬ್ಬನ್ ಸುಳ್ಳು ಹೇಳಿರಲಿಲ್ಲ, ಅದು ತೋರಿಸಿದ ಗಾಳಿ ಮಾತ್ರ ಕಡಲಿನದಾಗಿರಲಿಲ್ಲ. ಬಿಸಿಲಿಗೆ ಕಾದ ಬಂಡೆಗೋಡೆಯಿಂದ ಬಿಸಿ ಗಾಳಿ ಏಳುತ್ತದೆ. ಅದರ ಜಾಗ ತುಂಬಲು ಕೆಳಗಿನ ಗಾಳಿ ಇಳಿಜಾರು ಹಿಡಿದು ಮೇಲೆ ಬರುತ್ತದೆ. ಅಂಚಿನಲ್ಲಿ ನಿಂತವನ ಮುಖಕ್ಕೆ ಅದು ಎದುರುಗಾಳಿ. ಅದರ ಮೇಲುಗಡೆ, ತಲೆಯಿಂದ ನೂರಿನ್ನೂರು ಮೀಟರ್ ಎತ್ತರದಲ್ಲಿ, ಘಾಟಿನ ಮೇಲಿನಿಂದ ಮೂಡಣ ಗಾಳಿ ಹಾಗೇ ಬೀಸುತ್ತಿತ್ತು. ಅಂದರೆ ನಾವು ನಿಂತಿದ್ದದ್ದು ಹೊಳೆಯ ಆ ಬಂಡೆಯ ಹಿಂದಿನ ಮಗ್ಗುಲಲ್ಲಿ.

ಹಾರಿದ ಕೂಡಲೇ ಥರ್ಮಲ್ ಸಿಕ್ಕಿತು. ಏರಿಳಿತ ಹೇಳುವ ವೇರಿಯೋ ಕಿರಿಚತೊಡಗಿತು. ಎರಡು ಸುತ್ತಿಗೆ ಅಂಚಿಗಿಂತ ಮೇಲೇರಿದ್ದೆ. ವಾಡಿಯ ಹಂಚು, ಜೀಪು, ಕೈಬೀಸುವ ಗೆಳೆಯರು ಎಲ್ಲ ಕೆಳಗೆ. ಕಡಲ ಕಡೆಗೆ ತಿರುಗಿದಾಗ ಜಿಪಿಎಸ್‌ನಲ್ಲಿ ವೇಗ 55 ಕಂಡಿತು. ಬ್ರೇಕ್ ಎಳೆಯದೆ ಬಿಟ್ಟರೆ ನನ್ನ ವಿಂಗಿನ ವೇಗ 37ರ ಹತ್ತಿರ. ಪಡುಗಾಳಿಗೆ ಮುಖ ಮಾಡಿದ್ದರೆ ಆ ಅಂಕಿ ಇಪ್ಪತ್ತರ ಆಸುಪಾಸಿಗೆ ಇಳಿಯಬೇಕಿತ್ತು. ಬೆನ್ನಿಗೆ 18 ಕಿಲೋಮೀಟರಿನ ಗಾಳಿ ತಳ್ಳುತ್ತಿದೆ ಎಂದು ಅರ್ಥ. ಅಷ್ಟು ಲೆಕ್ಕ ಮುಗಿಯುವಷ್ಟರಲ್ಲಿ ವಿಂಗಿನ ಬಲಭಾಗ ಮಡಚಿಕೊಂಡಿತು.

ಮುಂದಿನದು ಕೆಲವು ಸೆಕೆಂಡುಗಳು. ಕಲಿತಂತೆ ದೇಹದ ಭಾರ ಎಡಕ್ಕೆ ಹಾಕಿದೆ, ಎಡಬ್ರೇಕ್ ಹಿಡಿದೆ. ಒಮ್ಮೆ ಅರಳಿತು, ಮತ್ತೆ ಇಡಿಯಾಗಿ ಮಡಚಿ ನನ್ನ ಮುಂದಕ್ಕೆ ಧುಮುಕಿತು. ಹಗ್ಗಗಳು ಸಡಿಲಾಗಿ ನಾನು ಬರಿಗಾಳಿಯಲ್ಲಿ ಬಿದ್ದೆ, ಮತ್ತೆ ಝಾಡಿಸಿ ಎಳೆಯಿತು, ಗಿರಕಿ ಶುರುವಾಯಿತು. ಬಂಡೆಗೋಡೆ, ಆಕಾಶ, ಬಂಡೆಗೋಡೆ. ಬಲಗೈ ತಾನೇ ಹೋಗಿ ರಿಸರ್ವ್‌ನ ಕೆಂಪು ಹಿಡಿ ಹುಡುಕಿತು. ಎಳೆದು ಬೀಸಿ ಎಸೆದೆ. ತೆರೆಯಿತು. ರಿಸರ್ವ್ ಎಂದರೆ ಮೆಲ್ಲಗೆ ಇಳಿಸುವ ಛತ್ರಿ ಎಂದು ಸಿನಿಮಾ ನೋಡಿದವರು ತಿಳಿದಿರುತ್ತಾರೆ. ಸೆಕೆಂಡಿಗೆ ಐದು ಮೀಟರಿನಂತೆ ಇಳಿಸುತ್ತದೆ, ಮತ್ತು ಎಲ್ಲಿ ಇಳಿಯಬೇಕೆಂದು ನಮ್ಮನ್ನು ಕೇಳುವುದಿಲ್ಲ. ಮರದ ತುದಿ ಮುರಿದು, ಕೊಂಬೆ ಸವರಿ, ಇಳಿಜಾರಿನ ಕಲ್ಲುರಾಶಿಯ ಮೇಲೆ ಕುಕ್ಕರಿಸಿದೆ. ಬೆನ್ನಿನೊಳಗೆ ಏನೋ ಮುರಿದ ಸದ್ದು ಕೇಳಿತು. ಹೊರಗಿನವರಿಗೆ ಕೇಳುವಂಥದಲ್ಲ ಅದು.

ಉಸಿರು ಬರಲು ಸ್ವಲ್ಪ ಹೊತ್ತು ಹಿಡಿಯಿತು. ಬಂದ ಮೇಲೆ ಮೊದಲು ಮಾಡಿದ ಕೆಲಸ ಶೂ ಒಳಗೆ ಕಾಲ್ಬೆರಳು ಆಡಿಸಿ ನೋಡಿದ್ದು. ಆಡಿದವು. ಎಡದ್ದು, ಬಲದ್ದು, ಮತ್ತೆ ಎಡದ್ದು. ಜನ ಬರುವ ತನಕ ಅದೇ ಮಾಡುತ್ತಿದ್ದೆ. ಮೊಬೈಲಿಗೆ ಸಿಗ್ನಲ್ ಇರಲಿಲ್ಲ, ರೇಡಿಯೊ ಇತ್ತು. ಬೆನ್ನು ಹೋಗಿದೆ, ಬೆರಳು ಆಡುತ್ತವೆ, ನನ್ನನ್ನು ಎಬ್ಬಿಸಿ ಕೂರಿಸಲು ಯಾರನ್ನೂ ಬಿಡಬೇಡಿ ಎಂದು ಹೇಳಿದೆ. ಆಮೇಲೆ ಬಿಸಿಲು, ಬಾಯಾರಿಕೆ. ನೀರಿನ ಚೀಲ ಹಾರ್ನೆಸ್‌ನ ಬೆನ್ನಲ್ಲೇ ಇತ್ತು, ಕೈ ತಿರುಗಿಸಲಾಗಲಿಲ್ಲ. ನಾನು ಮುರಿದ ಕೊಂಬೆಯಲ್ಲಿ ಚಗಳಿ ಇರುವೆಯ ಗೂಡಿತ್ತು. ಊರಿನಲ್ಲಿ ನಾವು ಚಟ್ನಿ ಅರೆಯುವ ಅದೇ ಕೆಂಪು ಚಗಳಿ ಕುತ್ತಿಗೆ, ಕಿವಿ, ಕಣ್ಣಂಚು ಎಲ್ಲ ಹುಡುಕಿ ಕಚ್ಚಿತು. ಬೆನ್ನಿನ ನೋವು ಸಹಿಸಿದೆ, ಅದಕ್ಕೆ ಮಾತ್ರ ಅತ್ತೆ.

ಎರಡೂವರೆ ದಾಟಿರಬೇಕು. ಮೇಲಿನ ಎಲೆಗಳೆಲ್ಲ ಒಟ್ಟಿಗೆ ಬೆಳ್ಳಗೆ ಮಗುಚಿದವು. ಕೆಳಗಿನಿಂದ ತಂಪು ಗಾಳಿ ಏರಿಬಂತು. ಬಿಟ್ಟುಬಿಟ್ಟು ಬರುವಂಥದಲ್ಲ, ಒಂದೇ ಸಮನೆ. ಬೆವರು ಆರಿತು. ಮರಕ್ಕೆ ಸಿಕ್ಕಿಕೊಂಡಿದ್ದ ನನ್ನ ವಿಂಗು ಗಾಳಿ ತುಂಬಿಕೊಂಡು ಉಬ್ಬಿತು. ಯಾವ ಗಾಳಿ ನಂಬಿ ಆ ಅಂಚನ್ನು ಆರಿಸಿದ್ದೆವೋ ಆ ಗಾಳಿ. ನನ್ನ ಬಾಯಿಂದ ಬಂದ ಬೈಗುಳ ಇಲ್ಲಿ ಬರೆಯುವಂತಿಲ್ಲ.

ಮೊದಲು ತಲುಪಿದವರು ಕೆಳಗಿನ ಠಾಕರ್ ವಾಡಿಯ ಹುಡುಗರು, ಅವರ ಹಿಂದೆ ನಮ್ಮವರು. ಹುಡುಗರಲ್ಲೊಬ್ಬ ಚಾರಣದವರ ಜೊತೆ ಓಡಾಡಿದವನಂತೆ, ಬೆನ್ನು ಬಾಗಬಾರದು ಎಂದು ಅವನಿಗೆ ಗೊತ್ತಿತ್ತು. ಅದಕ್ಕೇ ಒಂದು ಮನೆಯ ಬಾಗಿಲನ್ನೇ ಕಿತ್ತು ಹೊತ್ತು ತಂದಿದ್ದರು. ನನ್ನನ್ನು ಅದರ ಮೇಲೆ ಸರಿಸಿ, ರಿಸರ್ವ್‌ನ ಹಗ್ಗ ಕತ್ತರಿಸಿ ಅದರಿಂದಲೇ ಕಟ್ಟಿ, ಅಡಿಗೆ ಬಿದಿರು ಕೊಟ್ಟು ಎತ್ತಿದರು. ಕಲ್ಲಿನ ಮೇಲೆ ಒಬ್ಬನ ಕಾಲು ಜಾರಿದರೆ ಉಳಿದವರು “ಸಾವಕಾಶ್, ಸಾವಕಾಶ್” ಎನ್ನುತ್ತಿದ್ದರು. ಒಂದೊಂದು ಕುಲುಕಿಗೂ ನನಗೆ ಕಣ್ಣು ಕತ್ತಲೆ. ಗದ್ದೆಗೆ ಇಳಿಯುವಾಗ ಹೊತ್ತು ಮುಳುಗಿತ್ತು. ಆ ಮನೆಯವರು ರಾತ್ರಿ ಬಾಗಿಲಿಲ್ಲದೆ ಮಲಗಿದರು. ಮುಂದೆ ಹೊಸ ಬಾಗಿಲಿಗೆಂದು ಕಳಿಸಿದ ದುಡ್ಡು ತೆಗೆದುಕೊಂಡರಂತೆ, ಹಳೆಯ ಬಾಗಿಲನ್ನೇ ತೊಳೆದು ಹಾಕಿಕೊಂಡರಂತೆ. ಸರಿಯಾಗಿಯೇ ಮಾಡಿದರು.

ಎಲ್-1, ಅಂದರೆ ಸೊಂಟದ ಮೊದಲ ಕಶೇರು, ಮುಂಭಾಗದಲ್ಲಿ ಕುಸಿದಿತ್ತು. ಕುಳಿತ ಭಂಗಿಯಲ್ಲಿ ಬೀಳುವ ನಮ್ಮವರಲ್ಲಿ ಸಾಮಾನ್ಯವಾಗಿ ಪೆಟ್ಟಾಗುವುದು ಆ ಆಸುಪಾಸಿನಲ್ಲೇ. ನರಕ್ಕೆ ಪೆಟ್ಟಾಗಿರಲಿಲ್ಲ. ಆಪರೇಷನ್ ಬೇಡ, ಬ್ರೇಸ್ ಹಾಕಿ ಮಲಗಿ ಎಂದರು. ಕುಂದಾಪುರದಿಂದ ಅಕ್ಕ ಬಂದು ಗಂಜಿ ಬಡಿಸುತ್ತ, “ಎಂತಕ್ ಬೇಕಿತ್ ನಿಂಗೆ ಇದ್?” ಎಂದು ದಿನಾ ಕೇಳುತ್ತಿದ್ದಳು. ಉತ್ತರಕ್ಕಾಗಿ ಕೇಳುತ್ತಿರಲಿಲ್ಲ, ಹಾಗಾಗಿ ನಾನೂ ಹೇಳಲಿಲ್ಲ.

ಮಲಗಿದವನಿಗೆ ಕಾಣುತ್ತಿದ್ದದ್ದು ಒಂದು ಕಿಟಕಿ: ಎದುರು ಕಟ್ಟಡದ ಗ್ಯಾಲರಿಯ ಬಟ್ಟೆ, ಗುಡ್ಡದ ಚಾಳಿನ ಮೇಲೊಂದು ಭಗವಾ ಧ್ವಜ, ಅದರಾಚೆ ಸುತ್ತುವ ಹದ್ದುಗಳು. ಕೆಲಸವಿಲ್ಲದ್ದರಿಂದ ಧ್ವಜ ಎಷ್ಟು ಗಂಟೆಗೆ ತಿರುಗುತ್ತದೆ ಎಂದು ಕ್ಯಾಲೆಂಡರಿನ ಮೇಲೆ ಗುರುತು ಹಾಕತೊಡಗಿದೆ. ಒಂದು ದಿನ ಹನ್ನೊಂದಕ್ಕೇ ತಿರುಗುತ್ತಿತ್ತು, ಮರುದಿನ ಎರಡು ದಾಟಿದರೂ ಇಲ್ಲ. ತಡವಾದ ದಿನ ಭಾಂಡುಪ್ ಬೇಯುತ್ತದೆ, ಟಿವಿಯಲ್ಲಿ ಹವಾಮಾನ ಇಲಾಖೆಯವರು ಕಡಲ ಗಾಳಿ ತಡವಾದದ್ದೇ ಕಾರಣ ಎನ್ನುತ್ತಾರೆ. ಸಾಂತಾಕ್ರೂಜ್‌ನ ಮಾರ್ಚ್ ತಿಂಗಳ ದಾಖಲೆ 41.7 ಡಿಗ್ರಿ, 1956ರ ಮಾರ್ಚ್ 28ರದು. ಮೂಡಣ ಗಾಳಿ ಗಟ್ಟಿಯಾಗಿದ್ದಷ್ಟೂ ಪಡುಗಾಳಿಗೆ ಒಳಬರುವುದು ಕಷ್ಟ. ಏಪ್ರಿಲ್ ಕಳೆದು ಮೇ ಹಿಡಿಯುವಾಗ ಗುರುತುಗಳು ಹತ್ತಿರ ಹತ್ತಿರ ಬಂದವು, ಧ್ವಜ ಹೆಚ್ಚು ಆಟ ಆಡಲಿಲ್ಲ. ನಾವು ಆರಿಸಿದ ಅಂಚು ಮೇ ತಿಂಗಳ ಸಂಜೆಗೆ ಬಹುಶಃ ಒಳ್ಳೆಯ ಜಾಗವೇ. ಫೆಬ್ರುವರಿಯ ಮಧ್ಯಾಹ್ನಕ್ಕೆ ಅದು ಜಾಗವೇ ಅಲ್ಲ. ಪಟ್ಟಿಯಲ್ಲಿ ಬೆಟ್ಟದ ಹೆಸರಿನ ಮುಂದೆ ದಿಕ್ಕು ಬರೆದು ಗಂಟೆ ಬರೆಯದಿದ್ದರೆ ಆ ಪಟ್ಟಿ ನನಗೆ ಬೇಡ.

ಕಡಲಂಚಿನಲ್ಲೇ ಹಾರಿದರೆ ಈ ತಾಪತ್ರಯ ಇಲ್ಲವಲ್ಲ ಎನ್ನುವವರಿದ್ದಾರೆ. ಗೋವಾದ ಕೇರಿಯಲ್ಲಿ ಗುಡ್ಡ ಸೀದಾ ಕಡಲಿಗೇ ಇಳಿಯುತ್ತದೆ. ಗಾಳಿಗೆ ನಡುವೆ ಅಡ್ಡಿಯಿಲ್ಲ, ನುಣ್ಣಗೆ ಬರುತ್ತದೆ. ಅಲ್ಲಿಯೇ 2025ರ ಜನವರಿಯಲ್ಲಿ ಪುಣೆಯ ಒಬ್ಬ ತರುಣಿ ಮತ್ತು ಅವಳನ್ನು ಕೂರಿಸಿಕೊಂಡು ಹಾರಿದ ನೇಪಾಳದ ತರುಣ, ಹಾರಿದ ಸ್ವಲ್ಪದರಲ್ಲೇ ಕಮರಿಗೆ ಬಿದ್ದು ಸತ್ತರು. ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈಗ ಅಕ್ಕನ ಮಗನಿಗೆ ಹುಚ್ಚು ಹತ್ತಿದೆ. ಅವನೂ ಕಾಮ್‌ಶೇತ್‌ನಲ್ಲೇ ಕಲಿತ. ಬೈಂದೂರಿನ ಕಡೆ ಘಾಟಿ ಕಡಲಿಗೆ ಬಹಳ ಹತ್ತಿರ, ಅಲ್ಲೊಂದು ಅಂಚು ಸಿಕ್ಕಿದೆ ಎಂದು ಫೋಟೊ ಕಳಿಸಿದ. ಕಡಲು ಹೊಳೆಯುವ ಫೋಟೊ. ಕೆಳಗಿನದು ಕಳಿಸು ಎಂದೆ. ಅಡಿಕೆ ತೋಟ, ತೆಂಗು, ಮತ್ತೆ ಕಾಡು. ಕರಾವಳಿ ಕರ್ನಾಟಕದಲ್ಲಿ ಘಾಟಿನ ಬುಡದ ತನಕ ಕಾಡು ಮುಚ್ಚಿಕೊಂಡಿದೆ, ಅಭಯಾರಣ್ಯವಾದರೆ ಅರಣ್ಯ ಇಲಾಖೆಯ ಅನುಮತಿಯ ಮಾತೂ ಬಂತು. ತೋಟಗಳ ನಡುವೆ ಗೇಣಗಲದ ಒಂದು ಗದ್ದೆ ತೋರಿಸಿ ಅಲ್ಲಿ ಇಳಿಯಬಹುದು ಮಾವ ಎಂದ.

“ಅಂಚಿನ ಹಿಂದೆ ಏನುಂಟು?”

“ಹಿಂದೆ ಎಂತ ಮಾವ, ಮತ್ತೊಂದು ಗುಡ್ಡ. ಇನ್ನೂ ಎತ್ತರದ್ದು.”

ಆ ಹಿಂದಿನ ಗುಡ್ಡಕ್ಕೆ ಹೋಗು, ಫೆಬ್ರುವರಿಯಲ್ಲಿ, ಬೆಳಿಗ್ಗೆ ಹತ್ತಕ್ಕೆ ರಿಬ್ಬನ್ ಕಟ್ಟಿ ನಾಲ್ಕರ ತನಕ ಕೂರು. ವಿಂಗು ಮಾತ್ರ ಮನೆಯಲ್ಲೇ ಬಿಟ್ಟು ಹೋಗು ಎಂದೆ. ಹೂಂ ಎಂದ. ಸಿಟ್ಟು ಬಂದಿರಬೇಕು, ಫೋನ್ ಬೇಗ ಇಟ್ಟ. ಎರಡು ದಿನ ಬಿಟ್ಟು ಮೆಸೇಜ್ ಮಾಡಿದ: ಕೂರಲು ಊಟ ಕಟ್ಟಿಕೊಡುವವರು ಯಾರು ಎಂದು. ನಿನ್ನ ಅಮ್ಮನನ್ನು ಕೇಳು ಎಂದು ಬರೆದೆ.