ಸಿಡಿದ ತಾರೆಯ ಊರು ಕೇಳುತ್ತಾ

ಲಾ ಸೆರೆನಾದಲ್ಲಿ ಬೆಳಗಾದದ್ದು ಮಂಜಿನೊಳಗೆ. ಪೆಸಿಫಿಕ್ ಸಾಗರದ ತಣ್ಣನೆಯ ಹಂಬೋಲ್ಟ್ ಪ್ರವಾಹ ತನ್ನ ಮೇಲಿನ ಗಾಳಿಯನ್ನು ತಂಪಾಗಿಸಿ ಮೋಡವನ್ನು ತಗ್ಗಿನಲ್ಲೇ ಹಿಡಿದಿಡುತ್ತದೆ. ಚಿಲಿಯ ಜನ ಇದನ್ನು ಕಮಂಚಾಕ ಎನ್ನುತ್ತಾರೆ. ಬೀದಿಯ ಆ ತುದಿಯ ಚರ್ಚಿನ ಗೋಪುರವೂ ಕಾಣದ ಈ ಊರಿನಿಂದ, ಭೂಮಿಯ ಮೇಲಿನ ಅತ್ಯಂತ ನಿರ್ಮಲವಾದ ಆಕಾಶಗಳಲ್ಲೊಂದು ಬರೀ ಎಂಬತ್ತು ಕಿಲೋಮೀಟರು ದೂರ ಎಂದರೆ ನಂಬುವುದು ಹೇಗೆ?

ಎಲ್ಕಿ ನದಿಯ ಗುಂಟ ಪೂರ್ವಕ್ಕೆ ಹೊರಟೆವು. ಅರ್ಧ ಗಂಟೆಯಾಗುವಷ್ಟರಲ್ಲಿ ಮಂಜು ಮುಗಿಯಿತು. ನೀಲಿ ಎಂದರೆ ಅದು ನೀಲಿ! ಮೇ ತಿಂಗಳು ಅಲ್ಲಿ ಶರತ್ಕಾಲ. ಕಣಿವೆಯ ತಳದಲ್ಲಿ ಪಿಸ್ಕೋ ಮದ್ಯಕ್ಕೆಂದು ಬೆಳೆಸಿದ ದ್ರಾಕ್ಷಿತೋಟಗಳು ಹಳದಿಯಾಗಿದ್ದವು. ಎರಡೂ ಬದಿಗೆ ಹುಲ್ಲುಕಡ್ಡಿಯೂ ಇಲ್ಲದ ಬೋಳು ಗುಡ್ಡಗಳು, ಅಲ್ಲೊಂದು ಇಲ್ಲೊಂದು ಕಳ್ಳಿ. ಪೂರ್ವದಿಂದ ಬರುವ ಅಮೆಜಾನಿನ ತೇವವನ್ನು ಆಂಡಿಸ್ ತಡೆಯುತ್ತದೆ, ಪಶ್ಚಿಮದ ಮಂಜನ್ನು ಸಾಗರವೇ ಕೆಳಗೆ ಕಟ್ಟಿಹಾಕುತ್ತದೆ. ನಡುವೆ ಎದ್ದು ನಿಂತ ಬೆಟ್ಟಗಳಿಗೆ ಉಳಿಯುವುದು ಒಣಗಿದ, ಅಲುಗಾಡದ ಗಾಳಿ. ಮಣ್ಣುರಸ್ತೆ ಸುತ್ತಿ ಸುತ್ತಿ ಏರಿ, ಸುಮಾರು 2,200 ಮೀಟರ್ ಎತ್ತರದ ಸೆರ್ರೋ ಟೊಲೊಲೊ ಬೆಟ್ಟದ ನೆತ್ತಿ ಮುಟ್ಟಿದಾಗ ಬಿಳಿ ಗುಮ್ಮಟಗಳ ಸಾಲು ಕಣ್ಣು ಕೋರೈಸಿತು.

ಅವುಗಳಲ್ಲಿ ದೊಡ್ಡದು ಬ್ಲಾಂಕೋ ದೂರದರ್ಶಕದ್ದು. ಅದರ ಕನ್ನಡಿಯ ಅಡ್ಡಗಲ 4 ಮೀಟರ್. 1998ರವರೆಗೂ ದಕ್ಷಿಣಾರ್ಧಗೋಳದಲ್ಲಿ ಇದನ್ನು ಮೀರಿಸಿದ್ದು ಇರಲಿಲ್ಲ. ಅದರ ಕೆಳಗೆ ನಿಂತು ಕತ್ತೆತ್ತಿದಾಗ ಮಾತು ಹೊರಡಲಿಲ್ಲ. ಆದರೆ ನಾನು ಇಷ್ಟು ದೂರ ಬಂದದ್ದು ಮುಖ್ಯವಾಗಿ ಇನ್ನೊಂದು ಚಿಕ್ಕ ಗುಮ್ಮಟಕ್ಕಾಗಿ. 60 ಸೆಂಟಿಮೀಟರಿನ ಕರ್ಟಿಸ್ ಶ್ಮಿಟ್ ದೂರದರ್ಶಕ ದುಡಿದ ಜಾಗ ಅದು. 1989ರಲ್ಲಿ ಚಿಲಿ ವಿಶ್ವವಿದ್ಯಾಲಯದ ಹೊಸೆ ಮಾಸಾ, ಟೊಲೊಲೊದಲ್ಲಿದ್ದ ಮಾರಿಯೋ ಹಮುಯ್, ಮಾರ್ಕ್ ಫಿಲಿಪ್ಸ್, ನಿಕೋಲಸ್ ಸಂಟ್ಜೆಫ್ ಸೇರಿ ಸಿಡಿಯುವ ತಾರೆಗಳ ಹುಡುಕಾಟ ಶುರುಮಾಡಿದರು. ರಾತ್ರಿ ಇಲ್ಲಿ ಗಾಜಿನ ಫಲಕಗಳ ಮೇಲೆ ಆಕಾಶದ ಚಿತ್ರ ತೆಗೆಯುವುದು, ತೊಳೆದ ಫಲಕಗಳನ್ನು ಬಸ್ಸಿಗೆ ಹಾಕಿ ನಾನೂರು ಕಿಲೋಮೀಟರಿಗೂ ಆಚೆಯ ಸಾಂಟಿಯಾಗೋಗೆ ಕಳಿಸುವುದು. ಅಲ್ಲಿ ಹಳೆಯ ಫಲಕದ ಜೊತೆ ಹೊಸದನ್ನು ಇಟ್ಟು, ನಿನ್ನೆ ಇಲ್ಲದ ಚುಕ್ಕಿ ಇಂದು ಬಂದಿದೆಯೇ ಎಂದು ಕಣ್ಣಿನಲ್ಲೇ ಹುಡುಕುವುದು. ಜಗತ್ತಿನ ಗಾತ್ರ ಅಳೆಯುವ ಸಾಮಗ್ರಿ ಊರ ಜನರ ಬುತ್ತಿಚೀಲಗಳ ನಡುವೆ ಬಸ್ಸಿನಲ್ಲಿ ಹೋಗುತ್ತಿತ್ತು ಎಂಬುದನ್ನು ನೆನೆದರೆ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ಅವರು ಹುಡುಕುತ್ತಿದ್ದುದು ಒಂದು ನಿರ್ದಿಷ್ಟ ಬಗೆಯ ಸೂಪರ್ನೋವಾ. ಖಗೋಳಶಾಸ್ತ್ರದಲ್ಲಿ 1ಎ ಬಗೆ ಎನ್ನುತ್ತಾರೆ. ಸೂರ್ಯನಂಥ ತಾರೆ ಉರಿದು ಮುಗಿದ ಮೇಲೆ ಉಳಿಯುವ ಶ್ವೇತಕುಬ್ಜ, ಜೊತೆಗಾರ ತಾರೆಯ ಕಾರಣದಿಂದ, ಸಂಪೂರ್ಣವಾಗಿ ಸಿಡಿದುಹೋಗುತ್ತದೆ. ಸ್ಫೋಟದಲ್ಲಿ ಹುಟ್ಟಿದ ವಿಕಿರಣಶೀಲ ನಿಕೆಲ್ ಮೊದಲು ಕೋಬಾಲ್ಟ್ ಆಗಿ, ಆಮೇಲೆ ಕಬ್ಬಿಣವಾಗಿ ಬದಲಾಗುತ್ತಾ ಬೆಳಕು ಕೊಡುತ್ತದೆ. ಇವೆಲ್ಲ ಒಂದೇ ಪ್ರಕಾಶದಿಂದ ಬೆಳಗಿದರೆ, ಮಂಕಾಗಿ ಕಂಡಷ್ಟೂ ದೂರ ಎಂದು ಲೆಕ್ಕ ಹಾಕಬಹುದು. ಆದರೆ ಅವು ಒಂದೇ ಪ್ರಕಾಶದವಲ್ಲ. ಉತ್ತುಂಗ ಮುಟ್ಟಿದ ಮೇಲೆ ಹದಿನೈದು ದಿನಗಳಲ್ಲಿ ಬೇಗ ಮಂಕಾಗುವವು ಮೂಲದಲ್ಲೇ ಮಂಕು, ನಿಧಾನವಾಗಿ ಇಳಿಯುವವು ಮೂಲದಲ್ಲೇ ಪ್ರಖರ ಎಂದು ಫಿಲಿಪ್ಸ್ 1993ರಲ್ಲಿ ತೋರಿಸಿದರು. ಈ ಬೆಟ್ಟದ ಹುಡುಕಾಟದಿಂದ ಬಂದ 29 ಸೂಪರ್ನೋವಾಗಳ ಅಳತೆ 1996ರಲ್ಲಿ ಪ್ರಕಟವಾದಾಗ ಅದು ಗಟ್ಟಿಯಾಯಿತು. ಜೊತೆಗೆ ಇನ್ನೊಂದು ಸಂಗತಿಯೂ ಎದ್ದು ಕಂಡಿತು. ಪ್ರಖರವಾದವು ಹೊಸ ತಾರೆಗಳು ಹುಟ್ಟುತ್ತಿರುವ ಸುರುಳಿ ಗೆಲಾಕ್ಸಿಗಳಲ್ಲಿ ಹೆಚ್ಚು, ಮಂಕಾದವು ಹಳೆಯ ತಾರೆಗಳೇ ತುಂಬಿದ ಅಂಡಾಕಾರದ ಗೆಲಾಕ್ಸಿಗಳಲ್ಲಿ ಹೆಚ್ಚು.

ನಮ್ಮ ಕಡೆ ಹೊಸಬರು ಸಿಕ್ಕರೆ ಹೆಸರಿನ ಬೆನ್ನಿಗೇ ಊರು ಕೇಳುತ್ತೇವೆ. ಊರು ತಿಳಿದರೆ ಅರ್ಧ ಮನುಷ್ಯ ತಿಳಿದ ಹಾಗೆ. ಸಿಡಿದ ತಾರೆಯನ್ನೂ ಹಾಗೆಯೇ ಊರು ಕೇಳಬೇಕು ಎಂದು ಹೇಳಿಕೊಟ್ಟದ್ದು ಟೊಲೊಲೊ. ಹಾಗಾದರೆ ಆ ಊರುಗಳನ್ನು ಕಣ್ಣಾರೆ ನೋಡಬೇಡವೇ?

ಸಂಜೆ ಬೆಟ್ಟ ಇಳಿದು ವಿಕುನ್ಯಾಕ್ಕೆ ಬಂದೆವು. 1945ರಲ್ಲಿ ನೊಬೆಲ್ ಪಡೆದ ಕವಯಿತ್ರಿ ಗೇಬ್ರಿಯೆಲಾ ಮಿಸ್ತ್ರಾಲ್ ಹುಟ್ಟಿದ ಪುಟ್ಟ ಊರು ಅದು. ಟೊಲೊಲೊ ಸೀಮೆಯ ಕತ್ತಲೆಯ ಅಭಯಧಾಮಕ್ಕೆ 2015ರಲ್ಲಿ ಅವರ ಹೆಸರನ್ನೇ ಇಟ್ಟರು. ಕತ್ತಲೆಗೆ ಕವಿಯ ಹೆಸರಿಟ್ಟ ನಾಡಿನ ಮೇಲೆ ನನಗೆ ಗೌರವ ಹೆಚ್ಚಿತು. ಊರಾಚೆಯ ಮಾಮಯುಕಾ ವೀಕ್ಷಣಾಲಯದಲ್ಲಿ ಪ್ರವಾಸಿಗರಿಗೆ ರಾತ್ರಿ ಆಕಾಶ ತೋರಿಸುತ್ತಾರೆ. ನೈರುತ್ಯದಲ್ಲಿ ಮೆಗೆಲಾನಿನ ದೊಡ್ಡ ಮೋಡ ಇಳಿಯುತ್ತಿತ್ತು. ಬರಿಗಣ್ಣಿಗೆ ಬೂದಿಬಣ್ಣದ ಕಲೆ. ಅದೂ ಒಂದು ಗೆಲಾಕ್ಸಿ! ನಾನು ತೋರಿಸಿ ಎಂದು ಕೇಳಿಕೊಂಡದ್ದು ಮೂರು ಊರುಗಳನ್ನು.

ಮೊದಲನೆಯದು ಸೆಂಟಾರಸ್ ಎ, ಸುಮಾರು 1.2 ಕೋಟಿ ಜ್ಯೋತಿರ್ವರ್ಷ ದೂರ. ದೂರದರ್ಶಕದೊಳಗೆ ದುಂಡನೆಯ ಮಸುಕು ಬೆಳಕು, ನಟ್ಟನಡುವೆ ಕಪ್ಪು ಪಟ್ಟಿ. ಆ ಪಟ್ಟಿ ಬರೀ ಧೂಳು. ಎಂದೋ ನುಂಗಿದ ಸುರುಳಿ ಗೆಲಾಕ್ಸಿಯ ಅವಶೇಷ. 1986ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಪಾದ್ರಿ ರಾಬರ್ಟ್ ಇವಾನ್ಸ್ ಅದರೊಳಗೆ ಸೂಪರ್ನೋವಾ 1986ಜಿಯನ್ನು ಕಂಡರು. ಟೊಲೊಲೊದಿಂದ ಅದನ್ನು ಬೆನ್ನುಹತ್ತಿದವರು ಫಿಲಿಪ್ಸ್ ಮತ್ತು ಸಂಗಡಿಗರು. ಅದು ಕೆಂಪಾಗಿತ್ತು. ಧೂಳಿನ ಕಣಗಳು ನೀಲಿ ಬೆಳಕನ್ನು ಹೆಚ್ಚು ಚದರಿಸಿ, ಹೀರಿ, ಕೆಂಪನ್ನು ಹೆಚ್ಚು ದಾಟಿಸುತ್ತವೆ. ಆದರೆ ಅದು ಬೇಗನೆ ಮಂಕಾಗುವ ಬಗೆಯದೂ ಆಗಿತ್ತು. ಅಂಥವು ಸಹಜವಾಗಿಯೇ ತುಸು ತಂಪು, ತುಸು ಕೆಂಪು. ಎಷ್ಟು ಕೆಂಪು ತಾರೆಯದು, ಎಷ್ಟು ಕೆಂಪು ದಾರಿಯ ಧೂಳಿನದು? ಇಡೀ ಸಮಸ್ಯೆಯ ತಿರುಳು ಆ ಕಪ್ಪು ಪಟ್ಟಿಯಲ್ಲಿತ್ತು. ನಾನು ಕಣ್ಣು ತೆಗೆಯದೆ ನೋಡಿದೆ.

ಎರಡನೆಯದು ಕನ್ಯಾ ರಾಶಿಯ ಕಡೆಯ ಎಂ84. ಧೂಳಿನ ಗದ್ದಲವಿಲ್ಲದ, ನುಣುಪಾದ, ವಯಸ್ಸಾದ ಗೆಲಾಕ್ಸಿ. 1991ರ ಕೊನೆಯಲ್ಲಿ ಇಲ್ಲಿ ಕಂಡ 1991ಬಿಜಿ ನೀಲಿ ಬೆಳಕಿನಲ್ಲಿ ಸಾಮಾನ್ಯ 1ಎ ಸೂಪರ್ನೋವಾಗಿಂತ ಸುಮಾರು ಹತ್ತು ಪಟ್ಟು ಮಂಕು, ಬಣ್ಣವೂ ಕೆಂಪು. ಇಲ್ಲಿ ಧೂಳಿನ ಮೇಲೆ ತಪ್ಪು ಹೊರಿಸುವಂತಿಲ್ಲ, ಹುಟ್ಟಿದ ನಿಕೆಲ್ಲೇ ಕಡಿಮೆ. ಮೂರನೆಯದು ಎನ್‌ಜಿಸಿ 4527, ಹೊಸ ತಾರೆಗಳನ್ನು ಹೆರುತ್ತಿರುವ ಸುರುಳಿ. ಅದೇ ವರ್ಷ ಅಲ್ಲಿ ಸಿಡಿದ 1991ಟಿ ಪ್ರಖರವೂ ಹೌದು, ನಿಧಾನವಾಗಿ ಇಳಿದದ್ದೂ ಹೌದು. ಒಂದೇ ವರ್ಷದಲ್ಲಿ ಎರಡು ವಿಪರೀತಗಳು, ಎರಡೂ ತಮ್ಮ ತಮ್ಮ ಊರಿಗೆ ತಕ್ಕಂತೆ. ಅಂಥವು ಮುಂದೆಯೂ ಹೆಚ್ಚಾಗಿ ಅಂಥ ಊರುಗಳಲ್ಲೇ ಸಿಕ್ಕವು.

ಇದು ಬರೀ ಕುತೂಹಲದ ವಿಷಯವಲ್ಲ. 1998ರಲ್ಲಿ ಎರಡು ತಂಡಗಳು ಜಗತ್ತಿನ ಹಿಗ್ಗುವಿಕೆ ವೇಗ ಪಡೆಯುತ್ತಿದೆ ಎಂದು ಸಾರಿದಾಗ, ದೂರದ ಸೂಪರ್ನೋವಾಗಳನ್ನು ಹೋಲಿಸಲು ಹತ್ತಿರದ ಮಾನದಂಡವಾಗಿ ನಿಂತದ್ದು ಬಸ್ಸಿನಲ್ಲಿ ಹೋದ ಆ ಫಲಕಗಳ ಫಲ. ಶೋಧಕ್ಕೆ 2011ರಲ್ಲಿ ನೊಬೆಲ್ ಬಂತು. ಆದರೆ 2010ರಲ್ಲೇ ಒಂದು ತೊಡಕು ಕಾಣಿಸಿಕೊಂಡಿತ್ತು. ಇಳಿಯುವ ವೇಗ, ಬಣ್ಣ ಎರಡಕ್ಕೂ ಲೆಕ್ಕ ಸರಿಪಡಿಸಿದ ಮೇಲೆ ಎಲ್ಲ ಸೂಪರ್ನೋವಾಗಳೂ ಸಮವಾಗಬೇಕಿತ್ತು. ಆಗಲಿಲ್ಲ. ಸುಮಾರು ಸಾವಿರ ಕೋಟಿ ಸೂರ್ಯರ ತೂಕಕ್ಕಿಂತ ಭಾರವಾದ ಗೆಲಾಕ್ಸಿಗಳಲ್ಲಿ ಸಿಡಿದವು ಶೇಕಡಾ ಐದರಿಂದ ಹತ್ತರಷ್ಟು ಹೆಚ್ಚು ಪ್ರಖರವಾಗಿ ಉಳಿದವು. ಭಾರದ ಗೆಲಾಕ್ಸಿಗಳು ಹೆಚ್ಚಾಗಿ ಹಳೆಯ ತಾರೆಗಳವೇ. ಅಂದರೆ, ನೋಡುವಾಗ ಮಂಕಾಗಿದ್ದ ಊರಿನವು ತಿದ್ದಿದ ಮೇಲೆ ಒಂದು ಹೆಜ್ಜೆ ಮುಂದೆ ಹೋದವು! ಮೂರು ತಂಡಗಳು ಬೇರೆ ಬೇರೆಯಾಗಿ ಇದನ್ನೇ ಕಂಡವು.

ಕಾರಣವೇನು? ಡಿಲನ್ ಬ್ರೌಟ್, ಡ್ಯಾನ್ ಸ್ಕಾಲ್ನಿಕ್ 2021ರಲ್ಲಿ ಧೂಳಿನ ಕಡೆ ಬೆರಳು ತೋರಿಸಿದರು. ಈ ವ್ಯತ್ಯಾಸ ಕೆಂಪು ಸೂಪರ್ನೋವಾಗಳಲ್ಲಿ ಹೆಚ್ಚು, ನೀಲಿಯವುಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಊರಿಂದ ಊರಿಗೆ ಧೂಳಿನ ಗುಣವೇ ಬೇರೆ ಇರಬೇಕು ಎಂಬುದು ಅವರ ವಾದ. ಸಿಡಿಯುವ ತಾರೆಯ ವಯಸ್ಸೇ ಮುಖ್ಯ ಎನ್ನುವುದು ದಕ್ಷಿಣ ಕೊರಿಯಾದ ಯೊನ್ಸೆ ವಿಶ್ವವಿದ್ಯಾಲಯದ ಯಂಗ್-ವುಕ್ ಲೀ ತಂಡದ ಪಟ್ಟು. ದೂರ ದೂರ, ಅಂದರೆ ಕಾಲದಲ್ಲಿ ಹಿಂದೆ ಹಿಂದೆ ನೋಡಿದಂತೆ ಗೆಲಾಕ್ಸಿಗಳು ಎಳೆಯವಾಗುವುದರಿಂದ ಈ ವಾದಕ್ಕೆ ತೂಕವಿದೆ. ವಿವಾದ ತೀರಿಲ್ಲ. ನನ್ನ ಮಟ್ಟಿಗೆ ಧೂಳಿನ ವಾದ ಹೆಚ್ಚು ಮನಸ್ಸಿಗೆ ನಾಟಿತು. ಅದಕ್ಕೆ ಸಾಕ್ಷಿ ನಮ್ಮ ದೇಶದಿಂದಲೂ ಉಂಟು: 2014ರ ಜನವರಿಯಲ್ಲಿ ಎಂ82 ಗೆಲಾಕ್ಸಿಯಲ್ಲಿ ಸಿಡಿದ 2014ಜೆಯ ಮುಂದಿನ ಧೂಳು, ನಮ್ಮ ಆಕಾಶಗಂಗೆಯ ಧೂಳಿನಂತೆ ವರ್ತಿಸಲೇ ಇಲ್ಲ, ಬೆಳಕನ್ನು ವಿಪರೀತ ಕೆಂಪಾಗಿಸಿತು. ಟೊಲೊಲೊಗೆ ಎಂ82 ಕಾಣುವುದಿಲ್ಲ. ಅದನ್ನು ನೋಡಿದ ದೂರದರ್ಶಕಗಳಲ್ಲಿ ಲಡಾಖಿನ ಹಾನ್ಲೆಯದೂ ಒಂದು. ಅದನ್ನು ನಡೆಸುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ.

ಬ್ಲಾಂಕೋ ದೂರದರ್ಶಕಕ್ಕೆ 570 ಮೆಗಾಪಿಕ್ಸೆಲ್ ಕ್ಯಾಮೆರಾ ಜೋಡಿಸಿ ಐದು ಋತು ಹುಡುಕಿದ ಮೇಲೆ, ಸುಮಾರು 1,500 ಸೂಪರ್ನೋವಾಗಳ ಲೆಕ್ಕ 2024ರಲ್ಲಿ ಹೊರಬಂತು. ಅವುಗಳ ಪೈಕಿ ಬಹುಪಾಲಿನ ಬೆಳಕು ಆರಿಹೋದ ಮೇಲೆ, ಎಷ್ಟು ದೂರದವು ಎಂದು ತಿಳಿಯಲು ಆಸ್ಟ್ರೇಲಿಯಾದಿಂದ ಅವುಗಳ ಗೆಲಾಕ್ಸಿಗಳ ರೋಹಿತ ತೆಗೆದರು. ತಾರೆ ಉಳಿದಿರಲಿಲ್ಲ, ಊರು ಉಳಿದಿತ್ತು. ಟೊಲೊಲೊದಿಂದ ಎದುರಿಗೇ ಕಾಣುವ ಸೆರ್ರೋ ಪಚೋನ್ ಬೆಟ್ಟದ ರೂಬಿನ್ ವೀಕ್ಷಣಾಲಯ 2025ರ ಜೂನ್‌ನಲ್ಲಿ ತನ್ನ ಮೊದಲ ಚಿತ್ರಗಳನ್ನು ಕೊಟ್ಟಿದೆ. 8.4 ಮೀಟರ್ ಕನ್ನಡಿ, 3,200 ಮೆಗಾಪಿಕ್ಸೆಲ್ ಕ್ಯಾಮೆರಾ. ಇನ್ನು ಮೇಲೆ ಸೂಪರ್ನೋವಾಗಳು ಲಕ್ಷಗಳ ಲೆಕ್ಕದಲ್ಲಿ ಬರಲಿವೆ.

ಚಿಲಿಗೆ ಹೋಗಲಾಗದವರಿಗೆ ಒಂದು ಮಾತು. ಏಪ್ರಿಲ್ ಕೊನೆಯ ವಾರ, ಬೆಳದಿಂಗಳಿಲ್ಲದ ದಿನ, ಊರ ದೀಪಗಳಿಂದ ದೂರ ಹೋಗಿ. ರಾತ್ರಿ ಹತ್ತರ ಸುಮಾರಿಗೆ ಎಂ84 ಬೆಂಗಳೂರಿನ ನೆತ್ತಿಯ ಮೇಲೆಯೇ ಹಾದುಹೋಗುತ್ತದೆ. ಪುಟ್ಟ ದೂರದರ್ಶಕವಿದ್ದರೆ ಸಾಕು. ಹನ್ನೊಂದಾದ ಮೇಲೆ ದಕ್ಷಿಣಕ್ಕೆ ತಿರುಗಿ, ದಿಗಂತದಿಂದ ಮೂವತ್ತು ಡಿಗ್ರಿ ಮೇಲೆ ಬೈನಾಕ್ಯುಲರ್ ಹಿಡಿದು ಸೆಂಟಾರಸ್ ಎ ಹುಡುಕಿ. ದಯವಿಟ್ಟು ಮಕ್ಕಳನ್ನೂ ಕರೆದುಕೊಂಡು ಹೋಗಿ.