ಎರಡು ಸ್ವರಗಳ ನಡುವಿನ ದಾರಿ

ಅಜ್ಜಿಯ ವೀಣೆ ಗವಸು ಹೊದ್ದು ಮೂಲೆ ಸೇರಿ ವರ್ಷಗಳೇ ಆಗಿದ್ದವು. ಮೊಮ್ಮಗಳಿಗೆ ಹುಟ್ಟುಹಬ್ಬಕ್ಕೆ ಬಂದದ್ದು ಕೀಬೋರ್ಡು. ತೋಡಿ ರಾಗದ ಏಳೂ ಸ್ವರಗಳನ್ನು ಪುಸ್ತಕ ನೋಡಿಕೊಂಡು ಒಂದೂ ತಪ್ಪದೆ ನುಡಿಸಿ, ಹುಡುಗಿ ಹೆಮ್ಮೆಯಿಂದ ತಲೆಯೆತ್ತಿದಳು.

“ಸ್ವರವೆಲ್ಲ ಸರಿ ಕಣೇ, ತೋಡಿ ಮಾತ್ರ ಬರಲಿಲ್ಲ” ಎಂದರು ಅಜ್ಜಿ.

ಲೆಕ್ಕದ ಹಂತಗಳೆಲ್ಲ ಸರಿ, ಉತ್ತರ ಮಾತ್ರ ತಪ್ಪು ಎಂದರೆ ಯಾವ ಮಗುವಿಗೆ ತಾನೇ ಅಳು ಬಾರದು?

ತಪ್ಪು ಹುಡುಗಿಯದಲ್ಲ. ಕೀಬೋರ್ಡಿನ ಮನೆಗಳ ಮೇಲೆ ಒಂದು ಸ್ವರದಿಂದ ಇನ್ನೊಂದಕ್ಕೆ ನೆಗೆಯಬಹುದೇ ಹೊರತು ನಡೆದು ಹೋಗುವಂತಿಲ್ಲ. ತೋಡಿಯ ಗಾಂಧಾರವೋ ಒಂದೆಡೆ ನಿಲ್ಲುವ ಜಾಯಮಾನದ್ದಲ್ಲ. ರಿಷಭದ ಕಡೆಯಿಂದ ಮಧ್ಯಮದ ಕಡೆಗೆ ಉಯ್ಯಾಲೆಯಂತೆ ತೂಗುತ್ತದೆ. ಇಂಥ ತೂಗಾಟ, ಜಾರಾಟಗಳಿಗೇ ಗಮಕವೆಂದು ಹೆಸರು. 13ನೆಯ ಶತಮಾನದ ಶಾರ್ಙ್ಗದೇವ ‘ಸಂಗೀತ ರತ್ನಾಕರ’ದಲ್ಲಿ 15 ಬಗೆಯ ಗಮಕಗಳನ್ನು ಹೇಳಿದ್ದಾನೆ.

ಆರಭಿ, ದೇವಗಾಂಧಾರಿಗಳನ್ನೇ ನೋಡಿ. ಆರೋಹಣ, ಅವರೋಹಣ ಬರೆದರೆ ಎರಡೂ ಒಂದೇ. ಆದರೆ ಆರಭಿ ಚುರುಕಾಗಿ, ನೇರವಾಗಿ ನಡೆಯುತ್ತದೆ; ದೇವಗಾಂಧಾರಿ ಸ್ವರಗಳನ್ನು ಎಳೆದು, ತೂಗಿ, ನಿಧಾನವಾಗಿ ಸಾಗುತ್ತದೆ. ಬೀದಿಯಲ್ಲಿ ಹೋಗುವವರನ್ನು ಹಿಂದಿನಿಂದ ನಡಿಗೆಯಲ್ಲೇ ಗುರುತಿಸುವುದಿಲ್ಲವೆ, ಹಾಗೆ. 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಮ್ಮನ್ನು ಹೊರಗಿಟ್ಟದ್ದಕ್ಕೆ, ಅದು ಹೀಗೆ ಜಾರಲಾರದು ಎಂಬುದೂ ಒಂದು ಕಾರಣ. ಆ ನಿರ್ಬಂಧ ಸಡಿಲವಾದದ್ದು 1971ರಲ್ಲಿ.

ಅಜ್ಜಿ ಗವಸು ತೆಗೆದರು. ಮೊಮ್ಮಗಳ ಬೆರಳನ್ನು ರಿಷಭದ ಮೆಟ್ಟಿಲ ಮೇಲೆ ಇಡಿಸಿ, “ಮೀಟಿ, ತಂತೀನ ಪಕ್ಕಕ್ಕೆ ಎಳಿ” ಎಂದರು. ಎಳೆದಷ್ಟೂ ತಂತಿಯ ಬಿಗಿತ ಹೆಚ್ಚುತ್ತದೆ, ಅದರೊಡನೆ ಕಂಪನಸಂಖ್ಯೆಯೂ. ಆದರೆ ಏರಿಕೆ ವರ್ಗಮೂಲದ ಲೆಕ್ಕದಲ್ಲಿ. 12 ಸ್ವರಸ್ಥಾನಗಳಲ್ಲಿ ಒಂದರಿಂದ ಮುಂದಿನದಕ್ಕೆ ಏರಲು ಕಂಪನಸಂಖ್ಯೆ ಶೇಕಡಾ 6ರಷ್ಟು ಹೆಚ್ಚಿದರೆ ಸಾಕು. ಬಿಗಿತ ಮಾತ್ರ ಶೇಕಡಾ 12ರಷ್ಟು ಹೆಚ್ಚಬೇಕು. ಆ ಬೆಲೆಯನ್ನು ಬೆರಳೇ ತೆರಬೇಕು.

ಎಷ್ಟು ಎಳೆಯಬೇಕು, ಎಲ್ಲಿ ಸಡಿಲಿಸಬೇಕು ಎಂಬುದು ಪುಸ್ತಕದಲ್ಲಿಲ್ಲ. ಅಲ್ಲಿರುವುದು ಬರೀ ‘ಗ’ ಎಂಬ ಒಂದಕ್ಷರ. ಉಳಿದದ್ದೆಲ್ಲ ಅಜ್ಜಿಯ ಕಿವಿಯಲ್ಲಿತ್ತು. ಬೆರಳ ಗಂಟುಗಳು ಬಿಗಿದುಹೋಗಿ, ತೋರಿಸಿಕೊಡಲು ಅವರಿಂದ ಆಗದು. ಹಾಡಿ ತೋರಿಸಿದರು. “ಇನ್ನೂ ಸ್ವಲ್ಪ... ಸಾಕು, ಬಿಡು...”

ಹತ್ತಾರು ಸಲ ಎಳೆದ ಮೇಲೆ ಒಮ್ಮೆ ಗಾಂಧಾರ ತೂಗಿತು. ಅಜ್ಜಿ ಮಾತಾಡಲಿಲ್ಲ. ಹುಡುಗಿ ಬೆರಳ ತುದಿಯ ಕೆಂಪು ಗೆರೆಯನ್ನು ನೋಡಿಕೊಂಡು, ಮತ್ತೆ ತಂತಿಯ ಮೇಲಿಟ್ಟಳು.